ಪಾತ್ರದ ಕಣ್ಣು ಎಲ್ಲಿ ಬೀಳುತ್ತೆ?

ಕೇಳುಗರೇ, ನಮಸ್ಕಾರ. ಕಥೆ ಬರೆಯಬೇಕು ಅಂತ ಕೂತಿರುವವರಿಗೆ ಈ ಮಾತು. ಒಂದೇ ವಿಷಯ ಹೇಳುತ್ತೇನೆ, ಮತ್ತೆ ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಪಾತ್ರದ ವಯಸ್ಸು ಓದುಗರಿಗೆ ಗೊತ್ತಾಗಬೇಕಾ? ಅದರ ಕಣ್ಣು ಎಲ್ಲಿ ಬೀಳುತ್ತೆ ಅಂತ ಬರೆಯಿರಿ.

ಸ್ಪರ್ಧೆಗಳಿಗೆ ಬರುವ ಕಥೆಗಳನ್ನು ಓದುತ್ತಿರುತ್ತೇನೆ. ‘ಏಳು ವರ್ಷದ ಪುಟ್ಟ’ ಅಂತ ಶುರುವಾಗುತ್ತೆ. ಎರಡನೇ ಪುಟಕ್ಕೆ ಆ ಪುಟ್ಟ, ಬದುಕು ನೀರ ಮೇಲಿನ ಗುಳ್ಳೆ ಅಂತ ಯೋಚಿಸುತ್ತಾ ಕೂತಿರುತ್ತಾನೆ. ಏಳು ವರ್ಷದ ಮಗು ರೀ ಅದು!

ನಮ್ಮ ನೆಂಟರ ಮನೆಯಲ್ಲಿ ಅಜ್ಜಿಯ ತಿಥಿ. ತಾರಸಿ ಮೇಲೆ ಬಾಳೆಎಲೆಯಲ್ಲಿ ಪಿಂಡ, ವಡೆ ಇಟ್ಟು ಎಲ್ಲರೂ ಕಾಯುತ್ತಿದ್ದಾರೆ. ಕಾಗೆ ನೀರಿನ ಟ್ಯಾಂಕ್ ಮೇಲೆ ಕೂತಿದೆ, ಇಳಿಯುತ್ತಿಲ್ಲ. ಅಜ್ಜಿಯ ತಂಗಿ, ಎಂಬತ್ತು ದಾಟಿದವರು, ಕಾಗೆ ಕಡೆ ನೋಡಲೇ ಇಲ್ಲ. ಎರಡನೇ ಮಗ ಇನ್ನೂ ಬಂದಿಲ್ಲವಲ್ಲ ಅಂತ ಮೆಟ್ಟಿಲ ಕಡೆಗೇ ಕಣ್ಣು. ಮನೆ ಯಜಮಾನರು ಪುರೋಹಿತರ ಮುಖ ನೋಡುತ್ತಿದ್ದಾರೆ, ಪುರೋಹಿತರು ಇನ್ನೊಂದು ಮನೆಗೆ ಹೋಗಬೇಕು. ಹದಿನಾರರ ಹುಡುಗಿಗೆ ಪಕ್ಕದ ತಾರಸಿಯದೇ ಚಿಂತೆ. ಅಲ್ಲಿ ಅವಳ ಕ್ಲಾಸಿನ ಹುಡುಗ ಬಟ್ಟೆ ಒಣಹಾಕುತ್ತಿದ್ದಾನೆ, ಇವಳು ಅಮ್ಮನ ಬಲವಂತಕ್ಕೆ ಲಂಗ ದಾವಣಿಯಲ್ಲಿ ನಿಂತಿದ್ದಾಳೆ. ಆರು ವರ್ಷದ ಮೊಮ್ಮಗನ ಕಣ್ಣು ಮಾತ್ರ ವಡೆ ಮೇಲೆ. “ಕಾಗೆ ಎಲ್ಲಾ ತಿಂದುಬಿಡುತ್ತಾ?” ಅಂದ. ಅಮ್ಮ ಗದರಿದರು. ಸ್ವಲ್ಪ ಹೊತ್ತು ಬಿಟ್ಟು, “ಅಜ್ಜಿಗೆ ಹಲ್ಲಿಲ್ವಲ್ಲ, ವಡೆ ಹೇಗೆ ತಿಂತಾರೆ?” ಅಂದ. ಆ ತಾರಸಿಯಲ್ಲಿ ಅಜ್ಜಿಯನ್ನು ಸರಿಯಾಗಿ ನೆನೆಸಿಕೊಂಡವನು ಅವನೊಬ್ಬನೇ!

ಅದೇ ತಾರಸಿ, ಅದೇ ಕಾಗೆ. ನಾನು ಯಾರ ವಯಸ್ಸೂ ಹೇಳದೆ ಇದ್ದಿದ್ದರೂ ನೀವೇ ಹೇಳುತ್ತಿದ್ದಿರಿ, ಅಲ್ವಾ? ಕಣ್ಣು ಎಲ್ಲಿ ಬಿತ್ತು ಅಂತ ಗೊತ್ತಾದರೆ ಸಾಕು.

ಅಯ್ಯೋ, ಕಾಗೆ ಕಾಯುತ್ತಾ ಸಮಯವೇ ಆಗಿಹೋಯಿತು. ಮಿಕ್ಕದ್ದು ಬೇಗ ಹೇಳಿಬಿಡುತ್ತೇನೆ. ಮಗು ಅಂದ ತಕ್ಷಣ ತೊದಲು ಮಾತು ಹಾಕಬೇಡಿ. ಆರು ವರ್ಷದ ಮಗು ಚೆನ್ನಾಗಿಯೇ ಮಾತಾಡುತ್ತೆ. ಮೂರು ವರ್ಷದ ಮಗುವಿಗೆ ಹೋದ ತಿಂಗಳ ಜಾತ್ರೆಯೂ ‘ನಿನ್ನೆ’ಯೇ. ವಯಸ್ಸಾದವರನ್ನು ಸುಮ್ನೆ ಕೆಮ್ಮಿಸಬೇಡಿ.

ಮತ್ತೆ, ದಯವಿಟ್ಟು ಲೆಕ್ಕ ಹಾಕಿ. ಈಗ ನಡೆಯುವ ಕಥೆಯಲ್ಲೂ ಎಪ್ಪತ್ತರ ತಾತ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದಿರುತ್ತಾರೆ. 1942ರಲ್ಲಿ ಆ ತಾತ ಹುಟ್ಟೇ ಇರಲಿಲ್ಲ ಸ್ವಾಮಿ! 1975ರಲ್ಲಿ ತುರ್ತುಪರಿಸ್ಥಿತಿ ಬಂದಾಗ ಅವರು ಕಾಲೇಜು ಹುಡುಗ, ಬೆಲ್ ಬಾಟಮ್ ಪ್ಯಾಂಟು ಹೊಲಿಸಿಕೊಂಡವರು. ಅಂಥವರಿಗೆ ಗಾಂಧಿ ಟೋಪಿ ಹಾಕಿ ಕೂರಿಸಿದರೆ ಹೇಗೆ? ಅವರ ಕಣ್ಣು ಮೊಮ್ಮಗನ ಜೀನ್ಸ್ ಮೇಲೆ ಬಿದ್ದರೆ, “ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ” ಅನ್ನುವುದಿಲ್ಲ. “ಕೆಳಗಡೆ ಇನ್ನೂ ಸ್ವಲ್ಪ ಅಗಲ ಇರಬೇಕಿತ್ತು ಕಣೋ” ಅನ್ನುತ್ತಾರೆ. ನಮಸ್ಕಾರ.