ದ್ವೀಪದ ಕರೆಂಟು, ಪ್ಯಾನೆಲಿನ ಬೋಲ್ಟು

ಕೇಳುಗರಿಗೆ ನಮಸ್ಕಾರ.

ಮಂಗಳೂರಿನ ಹಳೇ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಹೊರಟ ಮಂಜಿಗಳನ್ನು, ಅಂದರೆ ಮರದ ಸರಕು ಹಡಗುಗಳನ್ನು, ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ತುಂಬಿಕೊಂಡು ಹೋಗುತ್ತವೆ. ಅಲ್ಲಿ ದೀಪ ಉರಿಸುವ ಡೀಸೆಲ್ಲೂ ಹೀಗೆಯೇ ಕಡಲು ದಾಟಿ ಬರಬೇಕು. ಲಕ್ಷದ್ವೀಪವಾಗಲಿ, ದೂರದ ಕೆರಿಬಿಯನ್ ದ್ವೀಪಗಳಾಗಲಿ, ಕಷ್ಟ ಬಂದಾಗ ಪಕ್ಕದ ರಾಜ್ಯದಿಂದ ಕರೆಂಟು ತರಿಸಿಕೊಳ್ಳುವ ತಂತಿ ಅವುಗಳಿಗಿಲ್ಲ.

ಹಾಗಾಗಿ ಅಲ್ಲಿ ಮೊದಲ ಕೆಲಸ ಉಳಿತಾಯ. ಒಂದು ಲೀಟರ್ ಡೀಸೆಲ್ ಸುಟ್ಟರೆ ಜನರೇಟರು ಕೊಡುವುದು ಮೂರರಿಂದ ನಾಲ್ಕು ಯೂನಿಟ್. 250 ವ್ಯಾಟಿನ ಸೋಡಿಯಂ ಬೀದಿದೀಪ ಚೋಕ್ ಸೇರಿ ಸುಮಾರು 280 ವ್ಯಾಟ್ ಎಳೆಯುತ್ತದೆ. ಅದನ್ನು ತೆಗೆದು 120 ವ್ಯಾಟಿನ ಎಲ್‌ಇಡಿ ಹಾಕಿದರೆ ಹನ್ನೆರಡು ಗಂಟೆಯ ರಾತ್ರಿಯಲ್ಲಿ 1.9 ಯೂನಿಟ್ ಉಳಿಯಿತು, ಅಂದರೆ ಸುಮಾರು ಅರ್ಧ ಲೀಟರ್ ಡೀಸೆಲ್. ಸಾವಿರ ದೀಪಕ್ಕೆ ರಾತ್ರಿಯೊಂದಕ್ಕೆ ಸುಮಾರು 500 ಲೀಟರ್. ಇದನ್ನು ಮಾಡದೆ ಮೊದಲೇ ಸೋಲಾರ್ ಹಾಕಿದರೆ, ಪೋಲಾಗುವ ಕರೆಂಟಿಗೂ ಸೇರಿಸಿ ಪ್ಯಾನೆಲು, ಬ್ಯಾಟರಿ ಕೊಳ್ಳಬೇಕಾಗುತ್ತದೆ.

ಸೋಲಾರ್ ಬಂದ ಮೇಲೆ ಬೇರೆ ತೊಡಕು. ಸಣ್ಣ ದ್ವೀಪದಲ್ಲಿ ಎಲ್ಲ ಪ್ಯಾನೆಲೂ ಒಂದೇ ಮೋಡದ ಕೆಳಗೆ. ಮೋಡ ಕವಿದರೆ ನಿಮಿಷದೊಳಗೆ ಉತ್ಪಾದನೆ ಕುಸಿಯುತ್ತದೆ. ಆ ಭಯಕ್ಕೆ ದೊಡ್ಡ ಎಂಜಿನನ್ನು ಕಡಿಮೆ ಹೊರೆಯಲ್ಲೇ ಓಡಿಸುತ್ತಾ ಇಡುತ್ತಾರೆ. ಶೇಕಡ 30ಕ್ಕಿಂತ ಕಡಿಮೆ ಹೊರೆಯಲ್ಲಿ ದಿನವಿಡೀ ಓಡಿದ ಡೀಸೆಲ್ ಎಂಜಿನ್ ಸಾಕಷ್ಟು ಬಿಸಿಯಾಗುವುದಿಲ್ಲ. ಎಣ್ಣೆ ಪೂರ್ತಿ ಉರಿಯದೆ ಹೊಗೆಕೊಳವೆಯಲ್ಲಿ ಕರಿಜಿಡ್ಡು ಕಟ್ಟುತ್ತದೆ. ಒಂದು ದೊಡ್ಡದರ ಬದಲು ಎರಡು ಮೂರು ಚಿಕ್ಕ ಎಂಜಿನುಗಳು, ಮತ್ತೊಂದು ಎಂಜಿನ್ ಶುರುವಾಗಿ ಹೊರೆ ಹೊರುವವರೆಗೆ ಕಾಲು ಗಂಟೆ ತಡೆದುಕೊಳ್ಳುವ ಬ್ಯಾಟರಿ: ಇಷ್ಟಿದ್ದರೆ ಆ ಎಂಜಿನನ್ನು ಸುಮ್ಮನೆ ಓಡಿಸಬೇಕಾಗಿಲ್ಲ.

ಇನ್ನು ಬಿರುಗಾಳಿ. 2017ರ ಸೆಪ್ಟೆಂಬರ್ 6ರಂದು ಇರ್ಮಾ ಚಂಡಮಾರುತ ಬಾರ್ಬುಡಾ ದ್ವೀಪಕ್ಕೆ ಅಪ್ಪಳಿಸಿತು. 18ರ ರಾತ್ರಿ ಮರಿಯಾ ಚಂಡಮಾರುತ ಡೊಮಿನಿಕಾವನ್ನು ಹೊಡೆದು, 20ರಂದು ಪೋರ್ಟೊ ರಿಕೊಕ್ಕೆ ಬಂತು. ಪೋರ್ಟೊ ರಿಕೊದ ಕೆಲವು ಮನೆಗಳಿಗೆ ಮತ್ತೆ ಕರೆಂಟು ಬರಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ಕಡಲು ಬಿಸಿಯಾದಷ್ಟೂ ಇಂಥ ಅತಿ ಬಲದ ಗಾಳಿಗಳ ಪಾಲು ಹೆಚ್ಚುತ್ತಿದೆ. ಆದರೆ ಆ ವರ್ಷ ಕೆರಿಬಿಯನ್ನಿನಲ್ಲಿ ಕೆಲವು ಸೋಲಾರ್ ಸ್ಥಾವರಗಳು ಪುಡಿಯಾದರೆ ಕೆಲವು ನಿಂತವು. ವ್ಯತ್ಯಾಸ ಬಹುಪಾಲು ಇದ್ದದ್ದು ಪ್ಯಾನೆಲನ್ನು ಹಿಡಿದ ನಟ್ಟು ಬೋಲ್ಟಿನಲ್ಲಿ, ಚೌಕಟ್ಟಿನಲ್ಲಿ.

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 288 ಕಿಲೋಮೀಟರ್ ವೇಗದ ಗಾಳಿ ನೇರ ಬಡಿದರೆ ಚದರ ಮೀಟರಿಗೆ ಸುಮಾರು 390 ಕಿಲೋ ಭಾರ. ಎರಡು ಚದರ ಮೀಟರಿನ ಪ್ಯಾನೆಲಿಗೆ 780 ಕಿಲೋ. ಸಾಮಾನ್ಯವಾಗಿ ಪ್ಯಾನೆಲನ್ನು ಅಂಚಿನಲ್ಲಿ ಕ್ಲಾಂಪಿನಿಂದ ಒತ್ತಿ ಹಿಡಿದಿರುತ್ತಾರೆ, ಅಕ್ಕಪಕ್ಕದ ಎರಡಕ್ಕೂ ಒಂದೇ ಕ್ಲಾಂಪು. ಒಂದು ಪ್ಯಾನೆಲ್ ಕಿತ್ತು ಹಾರಿದರೆ ಆ ಕ್ಲಾಂಪು ಸಡಿಲವಾಗಿ ಪಕ್ಕದ್ದೂ ಹೋಯಿತು, ಅದರ ಪಕ್ಕದ್ದೂ ಹೋಯಿತು. ಹೊಲಿಗೆಯ ಒಂದು ಎಳೆ ಬಿಚ್ಚಿದಂತೆ ಸಾಲಿಗೆ ಸಾಲೇ ಬಿಚ್ಚಿಕೊಳ್ಳುತ್ತದೆ. ಹಾರಿದ ಪ್ಯಾನೆಲು ಮುಂದಿನ ಸಾಲಿಗೆ ಬಡಿದು ಅದನ್ನೂ ಒಡೆಯುತ್ತದೆ.

ಕ್ಲಾಂಪು ಬಿಟ್ಟು, ಪ್ಯಾನೆಲಿನ ಚೌಕಟ್ಟಿನಲ್ಲೇ ಇರುವ ರಂಧ್ರಗಳ ಮೂಲಕ ನಾಲ್ಕು ಬೋಲ್ಟು ತೂರಿಸಿ ಬಿಗಿಯಿರಿ. ಸಡಿಲವಾಗದ ಲಾಕ್ ನಟ್ಟು ಹಾಕಿ. ಪ್ಯಾನೆಲನ್ನು ಹೊತ್ತ ಕೆಳಗಿನ ಲೋಹದ ಪಟ್ಟಿ ಒಂದು ಕಡೆ ತೆರೆದಿದ್ದರೆ ಗಾಳಿಗೆ ತಿರುಚಿಕೊಳ್ಳುತ್ತದೆ, ಆದ್ದರಿಂದ ನಾಲ್ಕೂ ಕಡೆ ಮುಚ್ಚಿದ ಚೌಕಕೊಳವೆಯೇ ಬೇಕು. ಉಪ್ಪುಗಾಳಿಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ತಾಳುತ್ತದೆ. ಆದರೆ ಅದನ್ನು ಯಂತ್ರದಿಂದ ಸರ್ರನೆ ಬಿಗಿದರೆ ಥ್ರೆಡ್ಡಿನಲ್ಲಿ ಲೋಹಕ್ಕೆ ಲೋಹ ಕಚ್ಚಿಕೊಂಡುಬಿಡುತ್ತದೆ. ತಿರುಗಿಸುವ ಬಲ (ಟಾರ್ಕ್) ಅಳೆಯುವ ಟಾರ್ಕ್ ರೆಂಚ್ "ಟಕ್" ಎನ್ನುತ್ತದೆ, ಪ್ಯಾನೆಲು ಮಾತ್ರ ಬಿಗಿಯಾಗಿರುವುದಿಲ್ಲ. ಮೋಸ ಹೋಗುವುದೇ ಇಲ್ಲಿ. ಥ್ರೆಡ್ಡಿಗೆ ಕಚ್ಚದಂತೆ ತಡೆಯುವ ಪೇಸ್ಟ್ ಸವರಿ, ಕೈಯಿಂದ ನಿಧಾನ ಬಿಗಿಯಬೇಕು. ಪೇಸ್ಟ್ ಹಚ್ಚಿದಾಗ ಟಾರ್ಕ್ ಕಡಿಮೆ ಸಾಕು. ತಯಾರಕರು ಕೊಟ್ಟ ಅಂಕಿಯನ್ನೇ ಹಿಡಿಯಿರಿ.

ಎಂಜಿನುಗಳನ್ನು ಪೂರ್ತಿ ನಿಲ್ಲಿಸಿ ಸೋಲಾರ್, ಬ್ಯಾಟರಿಯಲ್ಲೇ ಊರು ನಡೆಸುವವರು ಫ್ಯೂಸುಗಳನ್ನು ಮರೆಯಬಾರದು. ತಂತಿ ತುಂಡಾಗಿ ನೆಲಕ್ಕೆ ಬಿದ್ದಾಗ ಜನರೇಟರು ತನ್ನ ಸಾಮರ್ಥ್ಯದ ಹಲವು ಪಟ್ಟು ಕರೆಂಟು ನೂಕಿ ಫ್ಯೂಸ್ ಸುಡಲು ನೆರವಾಗುತ್ತದೆ. ಸೋಲಾರ್, ಬ್ಯಾಟರಿಯ ಕರೆಂಟನ್ನು ಊರಿನ ಲೈನಿಗೆ ಕೊಡುವ ಇನ್ವರ್ಟರ್ ಸಾಮಾನ್ಯವಾಗಿ ತನ್ನ ಮಿತಿಗಿಂತ ತುಸು ಮಾತ್ರ ಹೆಚ್ಚು ಕೊಡುತ್ತದೆ. ಫ್ಯೂಸ್ ಹೋಗದಿದ್ದರೆ ಬಿದ್ದ ತಂತಿಯಲ್ಲಿ ಕರೆಂಟು ಉಳಿದಿರುತ್ತದೆ. ಲೈನ್‌ಮನ್‌ಗಳ ಪ್ರಾಣದ ಪ್ರಶ್ನೆ ಇದು. ದೋಷ ಕಂಡೊಡನೆ ಲೈನ್ ಕಡಿಸುವ ರಕ್ಷಣಾ ರಿಲೇಗಳನ್ನು ಹೊಸದಾಗಿ ಲೆಕ್ಕಹಾಕಿ ಹೊಂದಿಸಿದ ಮೇಲೆಯೇ ಎಂಜಿನ್ ನಿಲ್ಲಿಸಬೇಕು.

ಅಟ್ಲಾಂಟಿಕ್‌ನಲ್ಲಿ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಅದಕ್ಕೆ ಮೊದಲೇ ಸಾಲುಸಾಲಾಗಿ ನಡೆದು ನೋಡಬೇಕು. ಬಿಗಿದ ದಿನವೇ ನಟ್ಟಿನಿಂದ ಚೌಕಟ್ಟಿನವರೆಗೆ ಬಣ್ಣದ ಒಂದು ನೇರ ಗೆರೆ ಎಳೆದಿದ್ದರೆ ಈ ಕೆಲಸ ಸುಲಭ. ಗೆರೆ ಕೂಡದಿದ್ದರೆ ಆ ನಟ್ಟು ತಿರುಗಿದೆ. ಅದೊಂದನ್ನೇ ಅಲ್ಲ, ಆ ಸಾಲನ್ನೆಲ್ಲ ಮತ್ತೆ ಬಿಗಿಯಬೇಕು.

ನಮಸ್ಕಾರ.