ಗುರುವಾರ ರಜೆ ಹಾಕುತ್ತಿದ್ದ ಟಿವಿ

ನೀವೀಗ ನೋಡುತ್ತಿರುವುದು ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನ ಲೌಗವೇಗುರ್ ಬೀದಿ. ಅಂಗಡಿಸಾಲು ಮುಗಿದು ಪ್ರವಾಸಿಗರ ಗದ್ದಲ ತೆಳುವಾಗುವ ಈ ಪೂರ್ವದ ಭಾಗದಲ್ಲಿರುವ 176ನೇ ಸಂಖ್ಯೆಯ ಕಟ್ಟಡವೇ ಈ ದೇಶದ ರಾಷ್ಟ್ರೀಯ ದೂರದರ್ಶನದ ಮೊದಲ ಮನೆ. 1966ರ ಸೆಪ್ಟೆಂಬರ್ 30ರ ಶುಕ್ರವಾರ ಅದರ ಪ್ರಸಾರ ಆರಂಭವಾದಾಗ ದೇಶದ ಜನಸಂಖ್ಯೆ ಎರಡು ಲಕ್ಷವನ್ನೂ ಮುಟ್ಟಿರಲಿಲ್ಲ.

ಆದರೆ ಅಂದು ಐಸ್‌ಲ್ಯಾಂಡಿನವರು ಟಿವಿಯನ್ನು ಮೊದಲ ಬಾರಿಗೆ ಕಂಡರೆಂದು ಭಾವಿಸಬೇಡಿ. 1951ರ ರಕ್ಷಣಾ ಒಪ್ಪಂದದಂತೆ ಇಲ್ಲಿಗೆ ಬಂದಿಳಿದ ಅಮೆರಿಕದ ಸೇನೆ, ಕೆಫ್ಲಾವಿಕ್ ನೆಲೆಯಲ್ಲಿದ್ದ ತನ್ನ ಸೈನಿಕರ ಮನರಂಜನೆಗೆಂದು 1955ರಲ್ಲೇ ಒಂದು ಟಿವಿ ಕೇಂದ್ರವನ್ನು ತೆರೆದಿತ್ತು. ಅಲೆಗಳಿಗೆ ಬೇಲಿ ಹಾಕುವವರು ಯಾರು? ಅರವತ್ತರ ದಶಕದ ಆರಂಭದಲ್ಲಿ ಆ ಕೇಂದ್ರದ ಪ್ರಸಾರ ಶಕ್ತಿ ಹೆಚ್ಚಿದ ಮೇಲೆ ಸುಮಾರು ಐವತ್ತು ಕಿಲೋಮೀಟರ್ ದೂರದ ರೇಕ್ಯಾವಿಕ್‌ನ ಮಾಡುಗಳ ಮೇಲೆ ಆಂಟೆನಾಗಳು ಒಂದೊಂದಾಗಿ ಏಳತೊಡಗಿದವು. ಸ್ವಂತ ಟಿವಿ ಇಲ್ಲದ ದೇಶದ ಮನೆಗಳಲ್ಲಿ ಪರದೇಶದ ಸೈನಿಕರ ಟಿವಿ ಇಂಗ್ಲಿಷ್‌ನಲ್ಲಿ ಮಾತಾಡತೊಡಗಿತು. ತಮ್ಮ ಪುಟ್ಟ ಭಾಷೆಯ ಗತಿಯೇನೆಂದು ಕಳವಳಗೊಂಡ ಅರವತ್ತು ಮಂದಿ ಗಣ್ಯರು, ಈ ಪ್ರಸಾರವನ್ನು ಸೇನಾನೆಲೆಯೊಳಗೇ ನಿಲ್ಲಿಸಬೇಕೆಂದು 1964ರಲ್ಲಿ ಸಂಸತ್ತಿಗೆ ಮನವಿ ಸಲ್ಲಿಸಿದರು. ನೋಡುಗರಲ್ಲಿ ಅನೇಕರಿಗೆ ಈ ಮನವಿ ರುಚಿಸಲಿಲ್ಲವೆಂಬುದೂ ನಿಜ. ಐಸ್‌ಲ್ಯಾಂಡಿನ ದೂರದರ್ಶನ ಹುಟ್ಟಿದ್ದು ಟಿವಿಯ ಮೋಹದಿಂದ ಎನ್ನುವುದಕ್ಕಿಂತ, ಆಗಲೇ ಒಳಗೆ ಬಂದು ಕುಳಿತಿದ್ದ ಇನ್ನೊಂದು ಟಿವಿಗೆ ಉತ್ತರವಾಗಿ ಎಂದೇ ನನಗೆ ತೋರುತ್ತದೆ. ಸೇನೆಯ ಪ್ರಸಾರ ನೆಲೆಯೊಳಕ್ಕೆ ಸೀಮಿತವಾಗಲು ಮಾತ್ರ 1974ರವರೆಗೆ ಕಾಯಬೇಕಾಯಿತು.

1930ರಿಂದ ಬಾನುಲಿಯನ್ನು ನಡೆಸುತ್ತಿದ್ದ ಸರ್ಕಾರಿ ಸಂಸ್ಥೆಯೇ ಟಿವಿಯ ಹೊಣೆಯನ್ನೂ ಹೊತ್ತಿತು. ಮೊದಮೊದಲು ಪ್ರಸಾರವಿದ್ದದ್ದು ವಾರದಲ್ಲಿ ಎರಡೇ ದಿನ. ದಿನಗಳು ಹೆಚ್ಚಿದ ಮೇಲೂ, ನಮ್ಮೂರ ಕ್ಷೌರದಂಗಡಿಗೆ ಮಂಗಳವಾರ ರಜೆಯಿರುವಂತೆ, ಇಲ್ಲಿನ ಟಿವಿಗೆ ಪ್ರತಿ ಗುರುವಾರ ರಜೆಯಿತ್ತು. ಬೇಸಿಗೆಯಲ್ಲಂತೂ ಇಡೀ ಜುಲೈ ತಿಂಗಳು ಪರದೆ ಖಾಲಿ. ಇದರ ಹಿಂದೆ ಘನವಾದ ತತ್ತ್ವವನ್ನು ಹುಡುಕುವವರಿದ್ದಾರೆ, ಆದರೆ ಬೆರಳೆಣಿಕೆಯ ಸಿಬ್ಬಂದಿಗೂ ವಿಶ್ರಾಂತಿ ಬೇಕಲ್ಲವೇ? ಇದೇ ಪರದೆಯಲ್ಲಿ ಫ್ರೆಂಚ್ ಪಾಠ ಹೇಳಿ ಮನೆಮಾತಾದ ವಿಗ್ದಿಸ್ ಫಿನ್‌ಬೊಗಾದೊತ್ತಿರ್ 1980ರಲ್ಲಿ ದೇಶದ ಅಧ್ಯಕ್ಷರಾಗಿ ಚುನಾಯಿತರಾದರು.

ಜುಲೈ ರಜೆ 1983ರಲ್ಲಿ ಕೊನೆಗೊಂಡಿತು. ಗುರುವಾರದ ರಜೆಯನ್ನು ಕಸಿದದ್ದು ಪೈಪೋಟಿ. ಸರ್ಕಾರದ ಏಕಸ್ವಾಮ್ಯವನ್ನು ತೆಗೆದ ಕಾನೂನು 1986ರ ಆರಂಭದಲ್ಲಿ ಜಾರಿಗೆ ಬಂದಿತು; ಅದೇ ವರ್ಷದ ಅಕ್ಟೋಬರ್‌ನಲ್ಲಿ, ಚಂದಾ ಕಟ್ಟಿ ಡಿಕೋಡರ್ ಇಟ್ಟುಕೊಂಡು ನೋಡಬೇಕಾದ ‘ಸ್ತೋದ್ 2’ ಎಂಬ ಖಾಸಗಿ ವಾಹಿನಿ ಆರಂಭವಾಯಿತು. ಅದಕ್ಕೆ ವಾರದ ರಜೆಯ ಹಂಗಿರಲಿಲ್ಲ. ಸರ್ಕಾರಿ ವಾಹಿನಿ ಇನ್ನೂ ಒಂದು ವರ್ಷ ತನ್ನ ಪದ್ಧತಿಯನ್ನು ಹಿಡಿದುಕೊಂಡಿತ್ತು, ಆಮೇಲೆ 1987ರ ಅಕ್ಟೋಬರ್ 1ರ ಗುರುವಾರ ಅದೂ ಪ್ರಸಾರ ಮಾಡಿತು.