ದೇವರುಗಳೆಲ್ಲ ಸತ್ತ ಮೇಲೆ: ಗಾಡ್ ಆಫ್ ವಾರ್ ನೆಲ ಬದಲಿಸಿದ ಬಗೆ

[ದೃಶ್ಯ: ಗಾಡ್ ಆಫ್ ವಾರ್ 3ರ ಆರಂಭ. ಗಾಯಾ ಎಂಬ ದೈತ್ಯೆಯ ಬೆನ್ನೇರಿ ಒಲಿಂಪಸ್ ಪರ್ವತ ಹತ್ತುತ್ತಿರುವ ಕ್ರೇಟೋಸ್.]

2010ರಲ್ಲಿ ಪ್ಲೇಸ್ಟೇಷನ್ 3ಕ್ಕೆ ಬಂದ ಗಾಡ್ ಆಫ್ ವಾರ್ 3 ಎಂಬ ವಿಡಿಯೋ ಗೇಮ್ ಮುಗಿಯುವ ಹೊತ್ತಿಗೆ, ಅದರ ನಾಯಕ ಕ್ರೇಟೋಸ್‌ನ ಕೈಯಲ್ಲಿ ಸಾಯಲು ದೊಡ್ಡ ಹೆಸರಿನ ಗ್ರೀಕ್ ದೇವರು ಬಹುತೇಕ ಯಾರೂ ಉಳಿದಿರಲಿಲ್ಲ. ಪೊಸೈಡನ್‌ನ ಸಾವನ್ನು ಆಟಗಾರ ಪೊಸೈಡನ್‌ನ ಕಣ್ಣಿನಿಂದಲೇ ನೋಡಬೇಕಾಗಿತ್ತು. ಹೀಲಿಯೋಸ್‌ನ ತಲೆಯನ್ನು ಕ್ರೇಟೋಸ್ ಬರಿಗೈಯಲ್ಲಿ ಕಿತ್ತು, ಮುಂದಿನ ಕತ್ತಲ ದಾರಿಗಳಲ್ಲಿ ಅದನ್ನೇ ದೀಪವಾಗಿ ಬಳಸಿದ. ಹರ್ಮೀಸ್‌ನ ಕಾಲುಗಳನ್ನು ಕತ್ತರಿಸಿ ಅವನ ಬೂಟುಗಳನ್ನು ಪಡೆದುಕೊಂಡ. ಕೊನೆಗೆ ಸ್ವಂತ ತಂದೆ ಜ್ಯೂಸ್‌ನನ್ನೂ ಮುಗಿಸಿದ. 2005ರಲ್ಲಿ ಪ್ಲೇಸ್ಟೇಷನ್ 2ರಲ್ಲಿ ಶುರುವಾದ ಸೇಡಿನ ಕಥೆ, ಸೇಡು ತೀರಿಸಿಕೊಳ್ಳಲು ಯಾರೂ ಇಲ್ಲದ ಕಡೆಗೆ ಬಂದು ನಿಂತಿತ್ತು.

ಮುಂದೆ ಹೋಗಲು ದಾರಿಯಿಲ್ಲದಾಗ ಸರಣಿಗಳು ಸಾಮಾನ್ಯವಾಗಿ ಹಿಂದಕ್ಕೆ ಹೋಗುತ್ತವೆ. 2013ರ ಅಸೆನ್ಶನ್ ಅದನ್ನೇ ಮಾಡಿತು. ಕ್ರೇಟೋಸ್‌ನ ಪೂರ್ವಕಥೆಯನ್ನು ಹೇಳಿ, ಜೊತೆಗೆ ಸರಣಿಯಲ್ಲಿ ಅದುವರೆಗೆ ಇರದಿದ್ದ ಮಲ್ಟಿಪ್ಲೇಯರ್ ವಿಭಾಗವನ್ನೂ ಸೇರಿಸಿದ ಆ ಗೇಮ್ ಕೆಟ್ಟದ್ದೇನೂ ಆಗಿರಲಿಲ್ಲ. ಆದರೆ ಅದೇ ಸರಪಳಿ ಕತ್ತಿಗಳು, ಅದೇ ಅರಚಾಟ, ಅದೇ ರಕ್ತ. ಹಿಂದಿನ ಗೇಮ್‌ಗಳನ್ನು ಆಡಿದವರಿಗೆ ಅಲ್ಲಿ ಹೊಸದಾಗಿ ತಿಳಿಯಬೇಕಾದದ್ದು ಹೆಚ್ಚೇನೂ ಇರಲಿಲ್ಲ.

[ದೃಶ್ಯ: ಹಿಮ ಮುಸುಕಿದ ಕಾಡು. ಮರ ಕಡಿಯುತ್ತಿರುವ, ಗಡ್ಡ ಬಿಟ್ಟ ಕ್ರೇಟೋಸ್.]

2018ರ ಏಪ್ರಿಲ್ 20ರಂದು ಪ್ಲೇಸ್ಟೇಷನ್ 4ಕ್ಕೆ ಬಿಡುಗಡೆಯಾದ ಗೇಮ್‌ನ ಶೀರ್ಷಿಕೆಯಲ್ಲಿ ಸಂಖ್ಯೆಯೂ ಇರಲಿಲ್ಲ, ಉಪಶೀರ್ಷಿಕೆಯೂ ಇರಲಿಲ್ಲ. ಗ್ರೀಸ್ ಹೋಗಿ ಉತ್ತರ ಯುರೋಪಿನ ನಾರ್ಸ್ ಪುರಾಣಲೋಕ ಬಂದಿತ್ತು. ಈ ಬದಲಾವಣೆಯನ್ನು ಹೊಗಳುವವರು ಹಿಮ, ಸರೋವರ, ಕುಬ್ಜರು, ದೈತ್ಯರು ಎಂದು ಹೊಸ ಊರಿನ ಅಂದಚಂದವನ್ನೇ ಹೆಚ್ಚಾಗಿ ಮಾತನಾಡುತ್ತಾರೆ. ನನಗೆ ಅದು ಅರ್ಧ ಸತ್ಯ ಎನ್ನಿಸುತ್ತದೆ. ಊರು ಬದಲಾದದ್ದರಿಂದಲ್ಲ, ಆ ಊರಿನಲ್ಲಿ ಕಥಾನಾಯಕನನ್ನು ಪರಕೀಯನಾಗಿಯೇ ಉಳಿಸಿದ್ದರಿಂದ ಮತ್ತು ಅವನ ಹಳೆಯ ಲೆಕ್ಕವನ್ನು ಚುಕ್ತಾ ಮಾಡದೆ ಜೊತೆಗೇ ಕಳುಹಿಸಿದ್ದರಿಂದ ಈ ಸರಣಿ ಹೊಸದಾಯಿತು ಎಂಬುದು ಈ ವಿಡಿಯೋದ ವಾದ.

ಈ ಸರಣಿಯನ್ನು ತಯಾರಿಸುವ ಸಾಂಟಾ ಮೋನಿಕಾ ಸ್ಟುಡಿಯೋದ ಪರಿಸ್ಥಿತಿ ಆಗ ಅಷ್ಟೇನೂ ನೆಮ್ಮದಿಯದಾಗಿರಲಿಲ್ಲ. 2014ರ ಆರಂಭದಲ್ಲಿ ಅಲ್ಲಿ ತಯಾರಾಗುತ್ತಿದ್ದ ಬೇರೊಂದು ಹೊಸ ಗೇಮ್ ರದ್ದಾಗಿ, ಹಲವರು ಕೆಲಸ ಕಳೆದುಕೊಂಡಿದ್ದರು. ಎರಡನೆಯ ಗಾಡ್ ಆಫ್ ವಾರ್ ಅನ್ನು ನಿರ್ದೇಶಿಸಿ ನಂತರ ಸ್ಟುಡಿಯೋ ಬಿಟ್ಟಿದ್ದ ಕೋರಿ ಬಾರ್ಲಾಗ್ 2013ರಲ್ಲಿ ಮರಳಿ ಬಂದಿದ್ದರು. ಹೊಸ ಗೇಮ್‌ನ ಮೊದಲ ಚರ್ಚೆಗಳಲ್ಲಿ ಕ್ರೇಟೋಸ್‌ನನ್ನೇ ಕೈಬಿಡೋಣ ಎಂಬ ಮಾತು ಬಂದಿತ್ತು ಎಂದು ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಆ ಮಾತಿನಲ್ಲಿ ಅರ್ಥವಿತ್ತು. ಕೋಪವೊಂದನ್ನು ಬಿಟ್ಟರೆ ಬೇರೆ ಭಾವವೇ ಗೊತ್ತಿಲ್ಲದ ನಾಯಕನನ್ನು ಎಷ್ಟು ಕಾಲ ಎಳೆಯಲು ಸಾಧ್ಯ? ಬಾರ್ಲಾಗ್ ಮಾತ್ರ ಅವನನ್ನೇ ಉಳಿಸಿಕೊಳ್ಳಬೇಕೆಂದು ಹಟ ಹಿಡಿದರು.

ಎಲ್ಲಿಗೆ ಕಳುಹಿಸುವುದು ಎಂಬುದು ಎರಡನೆಯ ಪ್ರಶ್ನೆಯಾಗಿತ್ತು. ತಂಡದಲ್ಲಿ ಈಜಿಪ್ಟ್‌ನ ಪರವಾಗಿ ಬಲವಾದ ಅಭಿಪ್ರಾಯವಿತ್ತು. ಬಾರ್ಲಾಗ್ ಅದನ್ನು ಒಪ್ಪದಿರಲು ಕೊಟ್ಟ ಕಾರಣ ಗಮನಾರ್ಹವಾದದ್ದು: ಈಜಿಪ್ಟ್ ಎಂದರೆ ಫೇರೋಗಳು, ನಗರಗಳು, ಜನಜಂಗುಳಿ, ಅಂದರೆ ತುಂಬಿದ ನಾಗರಿಕತೆ, ಅವರಿಗೆ ಬೇಕಾಗಿದ್ದದ್ದು ಏಕಾಂತ, ಬರಡು, ಮನುಷ್ಯರು ವಿರಳವಾದ ನೆಲ. ನೆಲದ ಆಯ್ಕೆ ಅಲಂಕಾರದ ದೃಷ್ಟಿಯಿಂದಲ್ಲ, ಪಾತ್ರದ ಮನಸ್ಥಿತಿಯ ದೃಷ್ಟಿಯಿಂದ ಆಗಿತ್ತು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ನಾರ್ಸ್ ಪುರಾಣದಿಂದ ಬರೆಯುವವರಿಗೆ ಇನ್ನೊಂದು ಅನುಕೂಲವೂ ಇತ್ತೆಂದು ನಾನು ಭಾವಿಸುತ್ತೇನೆ. ಆ ಕಥೆಗಳು ನಮಗೆ ಮುಖ್ಯವಾಗಿ ಉಳಿದು ಬಂದಿರುವುದು ಕ್ರೈಸ್ತ ಧರ್ಮ ನೆಲೆಯೂರಿದ ಮೇಲೆ, 13ನೆಯ ಶತಮಾನದ ಐಸ್‌ಲ್ಯಾಂಡ್‌ನಲ್ಲಿ ಬರಹಕ್ಕಿಳಿದ ಎಡ್ಡಾ ಎಂಬ ಗ್ರಂಥಗಳಲ್ಲಿ. ಅವುಗಳ ಅನೇಕ ಎಳೆಗಳು ಅಪೂರ್ಣವಾಗಿರುವುದರಿಂದ, ಮಧ್ಯೆ ಒಬ್ಬ ಗ್ರೀಕನನ್ನು ನುಸುಳಿಸಲು ಬೇಕಾದಷ್ಟು ಜಾಗವಿದೆ.

[ದೃಶ್ಯ: ಎಡಭಾಗದಲ್ಲಿ 2005ರ ಗೇಮ್, ಬಲಭಾಗದಲ್ಲಿ 2018ರ ಗೇಮ್. ಎರಡರ ಕೆಳಗೂ ಕಂಟ್ರೋಲರ್‌ನ ಚಿತ್ರ; ಹೆಸರಿಸಿದ ಬಟನ್ ಬೆಳಗಬೇಕು.]

ಈಗ ಕಂಟ್ರೋಲರ್ ಕಡೆಗೆ ಬರೋಣ, ಏಕೆಂದರೆ ಮರುಸೃಷ್ಟಿಯ ನಿಜವಾದ ಪುರಾವೆ ಸಿಗುವುದು ಅಲ್ಲಿಯೇ.

ಹಳೆಯ ಗೇಮ್‌ಗಳಲ್ಲಿ ಕ್ಯಾಮೆರಾ ಆಟಗಾರನ ಕೈಯಲ್ಲಿರಲಿಲ್ಲ. ವಿನ್ಯಾಸಕಾರರು ಅದನ್ನು ದೂರದಲ್ಲಿ, ಎತ್ತರದಲ್ಲಿ ನಿಲ್ಲಿಸುತ್ತಿದ್ದರು. ಆದ್ದರಿಂದಲೇ ಇಡೀ ಅಂಗಳವನ್ನು ಗುಡಿಸಿ ಹಾಕುವ ಸರಪಳಿ ಕತ್ತಿಗಳಿಗೆ ಅಲ್ಲಿ ಅರ್ಥವಿತ್ತು. ಕ್ಯಾಮೆರಾ ತಿರುಗಿಸುವ ಕೆಲಸವಿಲ್ಲದ ಬಲಗಡೆಯ ಸ್ಟಿಕ್ ಅನ್ನು ಏಟು ತಪ್ಪಿಸಿಕೊಳ್ಳಲು ಬಳಸಲಾಗುತ್ತಿತ್ತು, ಎಕ್ಸ್ ಬಟನ್ ಜಿಗಿತಕ್ಕೆ, ಚೌಕ ಮತ್ತು ತ್ರಿಕೋನದ ಬಟನ್‌ಗಳು ಹೊಡೆತಕ್ಕೆ. 2018ರಲ್ಲಿ ಕ್ಯಾಮೆರಾ ಕೆಳಗಿಳಿದು ಕ್ರೇಟೋಸ್‌ನ ಬೆನ್ನ ಹಿಂದೆ, ಭುಜದ ಹತ್ತಿರ ಬಂದು ನಿಂತಿತು ಮತ್ತು ಅದನ್ನು ತಿರುಗಿಸುವ ಅಧಿಕಾರ ಆಟಗಾರನಿಗೆ ಸಿಕ್ಕಿತು. ಆ ಒಂದು ನಿರ್ಧಾರದಿಂದ ಎಲ್ಲವೂ ಸರಿದಾಡಿದವು. ಬಲಗಡೆಯ ಸ್ಟಿಕ್ ಕ್ಯಾಮೆರಾಗೆ ಹೋಯಿತು; ತಪ್ಪಿಸಿಕೊಳ್ಳುವ ಕ್ರಿಯೆ ಎಕ್ಸ್ ಬಟನ್‌ಗೆ ಬಂತು; ಜಿಗಿತಕ್ಕೆ ಜಾಗವೇ ಉಳಿಯಲಿಲ್ಲ. ಹೊಡೆತಗಳು ಕಂಟ್ರೋಲರ್‌ನ ಬಲಭುಜದ ಬಟನ್‌ಗಳಿಗೆ ಏರಿದವು. ಖಾಲಿಯಾದ ಚೌಕದ ಬಟನ್ ಒತ್ತಿದರೆ ಈಗ ಬಾಣ ಬಿಡುವವನು ಮಗ ಅಟ್ರೇಯಸ್.

ಖಾಲಿಯಾದ ತ್ರಿಕೋನದ ಬಟನ್‌ಗೆ ದೊರೆತದ್ದು ಈ ಗೇಮ್‌ನ ಅತ್ಯಂತ ಸುಖದಾಯಕ ಕ್ರಿಯೆ. ಲೆವಿಯಾಥನ್ ಎಂಬ ಹಿಮದ ಕೊಡಲಿಯನ್ನು ಎಸೆದರೆ ಅದು ನಾಟಿಕೊಂಡಲ್ಲೇ ಉಳಿಯುತ್ತದೆ, ತಾನಾಗಿ ಹಿಂದಿರುಗುವುದಿಲ್ಲ. ಬೇಕೆನಿಸಿದರೆ ಕೊಡಲಿಯಿಲ್ಲದೆ, ಮುಷ್ಟಿ ಮತ್ತು ಗುರಾಣಿಯಿಂದಲೇ ಕಾದಾಡಬಹುದು. ತ್ರಿಕೋನವನ್ನು ಒತ್ತಿದಾಗ ಅದು ಸುತ್ತುತ್ತ, ದಾರಿಯಲ್ಲಿ ಸಿಕ್ಕವರಿಗೆ ಬಡಿಯುತ್ತ ಬಂದು ಅಂಗೈಗೆ ಅಪ್ಪಳಿಸುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಕ್ರೇಟೋಸ್‌ನ ತೋಳು ಹಿಂದಕ್ಕೆ ಜಗ್ಗುತ್ತದೆ, ಕಂಟ್ರೋಲರ್ ನಡುಗುತ್ತದೆ. ಶತ್ರು ಯಾರೂ ಇಲ್ಲದಿರುವಾಗಲೂ ಸುಮ್ಮನೆ ಎಸೆದು ಕರೆಸಿಕೊಳ್ಳುವ ಚಟ ಹತ್ತದ ಆಟಗಾರರು ಕಡಿಮೆ ಇರಬೇಕು.

ಕ್ಯಾಮೆರಾದ ಇನ್ನೊಂದು ವಿಶೇಷವೆಂದರೆ ಮೊದಲಿನಿಂದ ಕೊನೆಯವರೆಗೆ ಎಲ್ಲಿಯೂ ಕಟ್ ಇಲ್ಲ. ಆಟಗಾರ ಸತ್ತಾಗ ಅಥವಾ ಮೆನು ತೆರೆದಾಗ ಬಿಟ್ಟರೆ ಇಡೀ ಕಥೆ ಒಂದೇ ಶಾಟ್‌ನಲ್ಲಿ ಸಾಗುತ್ತದೆ. ಇದನ್ನು ತಾಂತ್ರಿಕ ಸಾಹಸವೆಂದು ಮಾತ್ರ ನೋಡಿದರೆ ಅದರ ಉದ್ದೇಶ ತಪ್ಪಿಹೋಗುತ್ತದೆ. ಕ್ರೇಟೋಸ್ ಗಾಯಗೊಂಡ ಜಿಂಕೆಯ ಮುಂದೆ ನಡುಗುವ ಮಗನ ಕೈಹಿಡಿದು ಚಾಕು ಇಳಿಸುತ್ತಾನೆ, ನಂತರ ಅವನ ಭುಜದ ಮೇಲೆ ಕೈಯಿಡಲು ಹೋಗಿ ಹಿಂದೆ ತೆಗೆಯುತ್ತಾನೆ. ಹಳೆಯ ದೂರದ ಕ್ಯಾಮೆರಾದಲ್ಲಿ ಆ ಹಿಂಜರಿಕೆ ಕಾಣುತ್ತಲೇ ಇರಲಿಲ್ಲ.

[ದೃಶ್ಯ: ಕಲ್ಲಿನ ಮೇಲೆ ಕೆತ್ತಿದ ರೂನ್ ಅಕ್ಷರಗಳು. ಓದುತ್ತಿರುವ ಅಟ್ರೇಯಸ್, ಹಿಂದೆ ಸುಮ್ಮನೆ ನಿಂತಿರುವ ತಂದೆ.]

ಪರಕೀಯತೆಯ ವಿಷಯಕ್ಕೆ ಬಂದರೆ, ಈ ಗೇಮ್‌ನ ಅತಿ ಜಾಣ ನಿರ್ಧಾರ ಬಹಳ ಸಣ್ಣದು: ಆ ದೇಶದ ಲಿಪಿ ಕ್ರೇಟೋಸ್‌ಗೆ ಓದಲು ಬರುವುದಿಲ್ಲ. ತಾಯಿಯಿಂದ ಕಲಿತ ಮಗನಿಗೆ ಬರುತ್ತದೆ. ಒಲಿಂಪಸ್ಸನ್ನೇ ನೆಲಸಮ ಮಾಡಿದವನು ಒಂದು ಬಾಗಿಲ ಮೇಲಿನ ಬರಹಕ್ಕಾಗಿ ಹುಡುಗನ ಮುಖ ನೋಡಬೇಕಾಗುತ್ತದೆ. ಆಟಗಾರನಿಗೂ ಆ ಲೋಕ ಗೊತ್ತಿಲ್ಲ, ನಾಯಕನಿಗೂ ಗೊತ್ತಿಲ್ಲ. ಹೀಗಾಗಿ ವಿವರಣೆಗಳು ಪಾಠದಂತೆ ಕೇಳಿಸುವುದಿಲ್ಲ. ಅಂದಹಾಗೆ, ವೆಚ್ಚದ ದೃಷ್ಟಿಯಿಂದ ಈ ಮಗನ ಪಾತ್ರವನ್ನೇ ಬಿಡುವ ಬಗ್ಗೆಯೂ ಒಂದು ಹಂತದಲ್ಲಿ ಚರ್ಚೆಯಾಗಿತ್ತು. ಬಿಟ್ಟಿದ್ದರೆ ಉಳಿಯುತ್ತಿದ್ದದ್ದು ಹಿಮದಲ್ಲಿ ಅಲೆಯುವ ಮೂಕ ಕೋಪಿಷ್ಠ ಮಾತ್ರ.

ಪುರಾಣದ ಹೊರೆಯನ್ನು ಹೊತ್ತ ಇನ್ನೊಂದು ಪಾತ್ರ ಮಿಮಿರ್. ಮರದಲ್ಲಿ ಬಂಧಿಯಾಗಿದ್ದ ಅವನು ತನ್ನ ತಲೆ ಕಡಿದು ಒಯ್ಯುವಂತೆ ತಾನೇ ಕೇಳಿಕೊಳ್ಳುತ್ತಾನೆ. ನಾರ್ಸ್ ದೇವತೆ ಫ್ರೇಯಾ ಆ ತಲೆಗೆ ಮತ್ತೆ ಜೀವ ಕೊಡುತ್ತಾಳೆ. ಅಲ್ಲಿಂದ ಅದು ಕ್ರೇಟೋಸ್‌ನ ಸೊಂಟದಲ್ಲಿ ನೇತಾಡುತ್ತ, ದೋಣಿಯಲ್ಲಿ ಸಾಗುವಾಗ ದೇವರುಗಳ ಕಥೆ ಹೇಳುತ್ತದೆ. ಮಧ್ಯದಲ್ಲಿ ದಡಕ್ಕೆ ಇಳಿದರೆ ಕಥೆ ನಿಲ್ಲುತ್ತದೆ, ಮತ್ತೆ ದೋಣಿ ಹತ್ತಿದಾಗ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಹೀಲಿಯೋಸ್‌ನ ತಲೆಯನ್ನು ಕಿತ್ತು ದೀಪ ಮಾಡಿಕೊಂಡವನೇ ಇವನು ಎಂಬುದನ್ನು ನೆನಪಿಟ್ಟುಕೊಂಡು ಈ ಜೋಡಿಯನ್ನು ನೋಡಬೇಕು. ಸರಣಿ ತನ್ನ ಹಿಂಸೆಯನ್ನು ಅಳಿಸಿ ಹಾಕಲಿಲ್ಲ, ಅದೇ ಕೃತ್ಯಕ್ಕೆ ಬೇರೆ ಅರ್ಥ ಬರುವಂತೆ ಮಾಡಿತು.

ಹಳೆಯ ಲೆಕ್ಕ ಎದುರಿಗೆ ಬಂದು ನಿಲ್ಲುವುದು ಕಥೆಯ ನಡುವಿನಲ್ಲಿ. ಮಗ ಕಾಯಿಲೆ ಬಿದ್ದಿದ್ದಾನೆ. ಮದ್ದಿಗಾಗಿ ಸತ್ತವರ ಲೋಕವಾದ ಹೆಲ್‌ಹೈಮ್‌ಗೆ ಹೋಗಬೇಕು. ಶೀತವೇ ತುಂಬಿದ ಆ ಲೋಕದಲ್ಲಿ ಹಿಮದ ಕೊಡಲಿ ಕೆಲಸಕ್ಕೆ ಬಾರದು. ಕ್ರೇಟೋಸ್ ಬಿರುಗಾಳಿಯಲ್ಲಿ ಒಬ್ಬನೇ ದೋಣಿಯಲ್ಲಿ ಮನೆಗೆ ಬಂದು, ನೆಲದಡಿ ಅಡಗಿಸಿಟ್ಟಿದ್ದ ಗಂಟನ್ನು ಹೊರತೆಗೆದು, ಸರಪಳಿ ಕತ್ತಿಗಳನ್ನು ಮತ್ತೆ ತೋಳಿಗೆ ಸುತ್ತಿಕೊಳ್ಳುತ್ತಾನೆ. ಗ್ರೀಕ್ ದೇವತೆ ಅಥೀನಾಳ ಛಾಯೆ ಎದುರು ನಿಂತು ಅವನು ಎಂದಿಗೂ ರಾಕ್ಷಸನೇ ಎಂದು ಹಂಗಿಸುತ್ತದೆ. ಹಳೆಯ ಗೇಮ್‌ಗಳಲ್ಲಿ ಮೊದಲ ನಿಮಿಷದಿಂದಲೇ ಕೈಯಲ್ಲಿರುತ್ತಿದ್ದ ಆಯುಧವನ್ನು ಇಷ್ಟು ತಡವಾಗಿ, ಇಷ್ಟು ನಾಚಿಕೆಯ ಜೊತೆಗೆ ಕೊಟ್ಟದ್ದರಿಂದ ಅದರ ತೂಕ ಹೆಚ್ಚಿತು. ಹಳೆಯ ಅಭಿಮಾನಿ ಇಲ್ಲಿ ಹಿಗ್ಗುತ್ತಾನೆ, ಹಿಗ್ಗಿದ್ದಕ್ಕೆ ಮರುಕ್ಷಣವೇ ತುಸು ಮುಜುಗರಪಡುತ್ತಾನೆ.

[ದೃಶ್ಯ: ಅಸಾಸಿನ್ಸ್ ಕ್ರೀಡ್ ಒರಿಜಿನ್ಸ್‌ನ ಮರುಭೂಮಿ; ನಂತರ 2013ರ ಡೆವಿಲ್ ಮೇ ಕ್ರೈನ ಕಪ್ಪು ಕೂದಲಿನ ಡಾಂಟೆ.]

ಇದೇ ಕಾಲದಲ್ಲಿ ಈಜಿಪ್ಟ್‌ಗೆ ಹೋದ ಸರಣಿಯೂ ಒಂದಿದೆ. ಅಸಾಸಿನ್ಸ್ ಕ್ರೀಡ್‌ಗೆ ಊರು ಬದಲಿಸುವುದು ಹೊಸದಲ್ಲ. ಜೆರುಸಲೇಮ್, ಫ್ಲಾರೆನ್ಸ್, ಕೆರಿಬಿಯನ್, ಪ್ಯಾರಿಸ್, ಲಂಡನ್ ಎಲ್ಲವೂ ಆಗಿದ್ದವು. ಆದರೂ 2015ರ ಹೊತ್ತಿಗೆ ಆ ಸರಣಿ ಸವೆದಂತೆ ಕಾಣುತ್ತಿತ್ತು. ಏಕೆಂದರೆ ಊರು ಯಾವುದಾದರೂ ಆಟಗಾರ ಮಾಡುವ ಕೆಲಸ ಅದೇ ಆಗಿತ್ತು: ಗೋಪುರ ಹತ್ತುವುದು, ಹಿಂಬಾಲಿಸುವುದು, ಕಾದು ನಿಂತು ಪ್ರತ್ಯೇಟು ಕೊಡುವುದು. 2016ರಲ್ಲಿ ಮುಖ್ಯ ಗೇಮ್ ಬಿಡುಗಡೆ ಮಾಡದೆ ಯೂಬಿಸಾಫ್ಟ್ ತಡೆದು, 2017ರ ಒರಿಜಿನ್ಸ್‌ನಲ್ಲಿ ಕಾದಾಟದ ವ್ಯವಸ್ಥೆಯನ್ನೇ ಬುಡದಿಂದ ಬದಲಿಸಿತು. ಅಲ್ಲಿ ಹೊಸತನ ತಂದದ್ದು ಪಿರಮಿಡ್‌ಗಳಿಗಿಂತ ಹೆಚ್ಚಾಗಿ ಆ ಕೆಲಸ.

ಇನ್ನೊಂದು ತುದಿಯಲ್ಲಿ 2013ರ ಡಿಎಂಸಿ ಇದೆ. ಕ್ಯಾಪ್‌ಕಾಮ್ ತನ್ನ ಡೆವಿಲ್ ಮೇ ಕ್ರೈ ಸರಣಿಯನ್ನು ಬ್ರಿಟನ್ನಿನ ನಿಂಜಾ ಥಿಯರಿಗೆ ಒಪ್ಪಿಸಿತು; ಹೊಸ ನಗರ, ಹೊಸ ಚಹರೆ, ಬಿಳಿ ಕೂದಲಿನ ಡಾಂಟೆಗೆ ಕಪ್ಪು ಕೂದಲು. ಕಾದಾಟ ಚೆನ್ನಾಗಿಯೇ ಇತ್ತು, ವಿಮರ್ಶಕರಿಂದ ಮೆಚ್ಚುಗೆಯೂ ದೊರೆಯಿತು. ಆದರೆ ಹಳೆಯ ಡಾಂಟೆಯ ಬದುಕಿಗೂ ಈ ಡಾಂಟೆಗೂ ಸಂಬಂಧವಿರಲಿಲ್ಲವಾದ್ದರಿಂದ, ಅಭಿಮಾನಿಗಳಿಗೆ ಅವನು ಬೆಳೆದ ಗೆಳೆಯನಾಗಿ ಅಲ್ಲ, ಗೆಳೆಯನ ಹೆಸರು ಕದ್ದ ಅಪರಿಚಿತನಾಗಿ ಕಂಡ. 2019ರ ಐದನೆಯ ಭಾಗ ಹಳೆಯ ಕಥೆಗೇ ಮರಳಿತು. ಕ್ರೇಟೋಸ್‌ನ ಧ್ವನಿಯೂ ಬದಲಾಗಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು, ಟಿ. ಸಿ. ಕಾರ್ಸನ್ ಬದಲು ಕ್ರಿಸ್ಟೋಫರ್ ಜಡ್ಜ್ ಬಂದರು. ಪಾತ್ರದ ನೆನಪು ಉಳಿದಿದ್ದರಿಂದ ಧ್ವನಿ ಬದಲಾದದ್ದನ್ನೂ ಬಹುಪಾಲು ಜನ ಒಪ್ಪಿಕೊಂಡರು.

ಗಾಡ್ ಆಫ್ ವಾರ್ ಕಳೆದುಕೊಂಡದ್ದೂ ಇದೆ, ಅದನ್ನು ಹೇಳದೆ ಹೊಗಳುವುದು ಸರಿಯಲ್ಲ. ಪರ್ವತದಷ್ಟು ದೊಡ್ಡ ಶತ್ರುಗಳ ಮೈಮೇಲೆ ನಡೆಯುತ್ತಿದ್ದ ಯುದ್ಧಗಳು ಇಲ್ಲಿ ವಿರಳ. ನಾರ್ಸ್ ದೇವರು ಬಾಲ್ಡರ್ ಬಾಗಿಲು ತಟ್ಟಿ ಬರುವ ಮೊದಲ ಕಾಳಗದಂಥದ್ದು ಮತ್ತೆ ಮತ್ತೆ ಸಿಗುವುದಿಲ್ಲ. ಅದರ ಬದಲು ಕಲ್ಲಿನ ಕಂಬ ಹೊತ್ತ ಟ್ರೋಲ್ ಎಂಬ ದೈತ್ಯಜೀವಿಗಳು ಬಣ್ಣ ಮತ್ತು ಹೆಸರು ಬದಲಿಸಿಕೊಂಡು ಪದೇ ಪದೇ ಎದುರಾಗುತ್ತವೆ, ಸಾಯುವಾಗಲೂ ಬಹುತೇಕ ಒಂದೇ ರೀತಿ ಸಾಯುತ್ತವೆ. ಕ್ಯಾಮೆರಾ ಹತ್ತಿರ ಬಂದದ್ದರಿಂದ ಬೆನ್ನ ಹಿಂದಿನ ಶತ್ರು ಕಾಣುವುದಿಲ್ಲ. ಅದಕ್ಕಾಗಿ ಪರದೆಯಲ್ಲಿ ಬಾಣದ ಗುರುತುಗಳನ್ನು ತೋರಿಸಿ, ಜೊತೆಗಾರರಿಂದ ಎಚ್ಚರಿಕೆ ಕೂಗಿಸಬೇಕಾಯಿತು. ಅದು ಪರಿಹಾರಕ್ಕಿಂತ ಹೆಚ್ಚಾಗಿ ತೇಪೆ.

ಫಲಿತಾಂಶ ಎಲ್ಲರಿಗೂ ತಿಳಿದಿರುವಂಥದ್ದೇ. ಸೋನಿ ಪ್ರಕಟಿಸಿದಂತೆ ಮೊದಲ ಮೂರು ದಿನಗಳಲ್ಲಿ 31 ಲಕ್ಷ ಪ್ರತಿಗಳು ಮಾರಾಟವಾದವು. ಆ ವರ್ಷದ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಅತ್ಯುತ್ತಮ ಗೇಮ್ ಎಂಬ ಪ್ರಶಸ್ತಿಯೂ ಬಂತು.

[ದೃಶ್ಯ: ರಾಗ್ನರಾಕ್‌ನ ಕ್ರೇಟೋಸ್ ಮತ್ತು ಬೆಳೆದ ಅಟ್ರೇಯಸ್.]

ಇಷ್ಟು ಯಶಸ್ಸಿನ ಮೇಲೆ ನಾರ್ಸ್ ಲೋಕವನ್ನು ಇನ್ನೂ ಮೂರು ನಾಲ್ಕು ಗೇಮ್‌ಗಳಿಗೆ ಎಳೆಯಬಹುದಿತ್ತು. ಸ್ಟುಡಿಯೋ ಹಾಗೆ ಮಾಡಲಿಲ್ಲ. ಎರಿಕ್ ವಿಲಿಯಮ್ಸ್ ನಿರ್ದೇಶಿಸಿದ 2022ರ ರಾಗ್ನರಾಕ್‌ನಲ್ಲೇ ಆ ಪುರಾಣದ ಕಥೆಯನ್ನು ಮುಗಿಸಿತು. ಬಾರ್ಲಾಗ್ ಕೊಟ್ಟ ಕಾರಣ ಸಮಯದ್ದು: ಒಂದೊಂದಕ್ಕೂ ಸುಮಾರು ಐದು ವರ್ಷ ಹಿಡಿಯುವಾಗ, ಮೂರು ಭಾಗ ಎಂದರೆ ಒಂದೇ ಕಥೆಗೆ ಹದಿನೈದು ವರ್ಷ. 2023ರ ಡಿಸೆಂಬರ್‌ನಲ್ಲಿ ಉಚಿತವಾಗಿ ಬಂದ ವಾಲ್ಹಲಾ ವಿಸ್ತರಣೆಯಲ್ಲಂತೂ ಕ್ರೇಟೋಸ್ ತನ್ನ ಗ್ರೀಕ್ ನೆನಪುಗಳ ಒಳಗೇ ಇಳಿದ. ಅಲ್ಲಿ ಅವನೆದುರು ಮಾತನಾಡಲು ಎದ್ದು ಬಂದ ಹಳಬರಲ್ಲಿ ಹೀಲಿಯೋಸ್‌ನೂ ಒಬ್ಬ, ಮತ್ತು ಅವನಿಗೆ ಸಹಜವಾಗಿಯೇ ಹೇಳಲು ಬಹಳಷ್ಟಿತ್ತು.